ಹೃದ್ರೋಗ ತಡೆಯಲು ನಮ್ಮೂರ ಡಾಕ್ಟರು ಏನು ಮಾಡಬಲ್ಲರು?



2025ನೆಯ ಇಸವಿಯ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಮೇಲೊಂದು ಹೃದಯಾಘಾತದ ಸಾವಿನ ಸುದ್ದಿ ಬಂದುದನ್ನು ತಾವು ಮರೆತಿರಲಾರಿರಿ. ತೀರಿಕೊಂಡವರಲ್ಲಿ ಹಲವರು ಚಿಕ್ಕ ವಯಸ್ಸಿನವರು. ಸುದ್ದಿ ಹರಡಿದ್ದೇ ತಡ, ಮೈಸೂರಿನ ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಎದೆನೋವಿಲ್ಲದವರೂ, ಉಬ್ಬಸವಿಲ್ಲದವರೂ ‘ಒಮ್ಮೆ ಇ.ಸಿ.ಜಿ. ತೆಗೆದುಬಿಡಿ’ ಎಂದು ಬಂದವರೇ. ಸರ್ಕಾರವು ಜಯದೇವ ಸಂಸ್ಥೆಯ ಆಗಿನ ನಿರ್ದೇಶಕರಾದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಸಾವುಗಳಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದೂ, ತೀರಿಕೊಂಡವರಲ್ಲಿ ಬಹುಮಂದಿಗೆ ತಂಬಾಕು, ಮದ್ಯ, ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಮೊದಲಾದ ಹಳೆಯ ಕಾರಣಗಳೇ ಇದ್ದುವೆಂದೂ ಸಮಿತಿಯು ವರದಿ ಮಾಡಿತು.

ಆ ಸಾಲಿನಲ್ಲಿ ನಿಂತವರಿಗೆ ಒಂದು ಮಾತು ಯಾರೂ ಹೇಳಿರಲಿಲ್ಲ. ನೋವಿಲ್ಲದ ಮನುಷ್ಯನ ಇ.ಸಿ.ಜಿ. ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಮುಂದೆ ಆಗುವುದನ್ನು ಅದು ಹೇಳಲಾರದು. ಮುಂದಿನ ಹತ್ತು ವರ್ಷಗಳಲ್ಲಿ ಯಾರಿಗೆ ಹೆಚ್ಚು ಅಪಾಯ ಎಂಬುದನ್ನು ಸುಮಾರಾಗಿ ಹೇಳಬಲ್ಲ ಸಾಧನ ಊರಿನ ಡಾಕ್ಟರ ಮೇಜಿನ ಮೇಲೆಯೇ ಇರುತ್ತದೆ: ಒತ್ತಡ ಅಳೆಯುವ ಪಟ್ಟಿ, ತೂಕದ ಯಂತ್ರ, ಒಂದು ಬಣ್ಣದ ನಕ್ಷೆ ಮತ್ತು ನಾಲ್ಕು ಪ್ರಶ್ನೆ.

ಜೂಜುವಾಡಿಯ ಕಡೆಯ ನಮ್ಮ ಸದಸ್ಯರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಹೆದ್ದಾರಿ ನಮ್ಮ ಬಾಗಿಲಲ್ಲೇ ಹಾದುಹೋಗುತ್ತದೆ. ಗಡಿ ದಾಟಿದರೆ ಅತ್ತಿಬೆಲೆ, ಇನ್ನಷ್ಟು ಮುಂದೆ ಬೊಮ್ಮಸಂದ್ರದಲ್ಲಿ ದೇಶಕ್ಕೇ ಹೆಸರಾದ ಹೃದಯದ ಆಸ್ಪತ್ರೆ. ಹೀಗಾಗಿ ‘ಏನಾದರೂ ಆದರೆ ಅಲ್ಲಿಗೆ ಹೋದರಾಯಿತು’ ಎಂಬ ಧೈರ್ಯ ನಮ್ಮಲ್ಲಿದೆ. ದೊಡ್ಡ ಆಸ್ಪತ್ರೆಯ ಕೆಲಸ ಶುರುವಾಗುವುದು ರಕ್ತನಾಳ ಕಟ್ಟಿದ ಮೇಲೆ. ಕಟ್ಟದಂತೆ ನೋಡಿಕೊಳ್ಳುವ ಕೆಲಸ ಜ್ವರಕ್ಕೂ ಕೆಮ್ಮಿಗೂ ನಾವು ಹೋಗುವ ಡಾಕ್ಟರದು. ಅವರು ಅದನ್ನು ಹೇಗೆ ಮಾಡಬೇಕೆಂದು ಬರೆದಿಟ್ಟ ಮಾರ್ಗಸೂಚಿಗಳಿವೆ. ಅವು ಏನು ಹೇಳುತ್ತವೆ, ದಿನನಿತ್ಯದ ವೈದ್ಯಕೀಯದಲ್ಲಿ ಎಷ್ಟು ಬಳಕೆಯಾಗುತ್ತವೆ, ಏಕೆ ಆಗುವುದಿಲ್ಲ ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ. ಸಕ್ಕರೆ ಕಾರ್ಖಾನೆಯ ಪತ್ರಿಕೆಯಲ್ಲಿ ಸಕ್ಕರೆ ಕಾಯಿಲೆಯ ಮಾತೇ ಎಂದು ನಗುವವರು ನಗಲಿ.

ಮಾರ್ಗಸೂಚಿಯೆಂದರೆ ಕೃಷಿ ವಿಶ್ವವಿದ್ಯಾನಿಲಯ ಪ್ರಕಟಿಸುವ ಬೇಸಾಯ ಪದ್ಧತಿಯ ಪುಸ್ತಕವಿದ್ದ ಹಾಗೆ. ಬಿತ್ತನೆ ತುಂಡು ಎಷ್ಟು ಕಣ್ಣಿನದಿರಬೇಕು, ಮೇಲುಗೊಬ್ಬರ ಎಷ್ಟನೆಯ ದಿನ ಕೊಡಬೇಕು ಎಂದು ಅದರಲ್ಲಿದೆ. ಪುಸ್ತಕ ಸರಿಯಾಗಿಯೇ ಇದೆ, ಆದರೆ ಹೊಲಕ್ಕೂ ಪುಸ್ತಕಕ್ಕೂ ನಡುವೆ ಎಷ್ಟು ದೂರವಿದೆಯೆಂದು ನಮಗೇ ಗೊತ್ತು. ಡಾಕ್ಟರರ ಸ್ಥಿತಿಯೂ ಹೆಚ್ಚು ಬೇರೆಯಲ್ಲ.

ಈ ವಿದ್ಯೆಯ ಮೂಲ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಸಣ್ಣ ಪಟ್ಟಣ. 1948ರಲ್ಲಿ ಅಲ್ಲಿನ ಸಾವಿರಾರು ಆರೋಗ್ಯವಂತರನ್ನು ಹೆಸರು ಬರೆಸಿಕೊಂಡು, ವರ್ಷಗಟ್ಟಲೆ ಅವರ ಒತ್ತಡ, ಕೊಬ್ಬು, ಧೂಮಪಾನ ಎಲ್ಲವನ್ನೂ ದಾಖಲಿಸುತ್ತ ಬಂದರು. ಯಾರಿಗೆ ಹೃದಯಾಘಾತವಾಯಿತು, ಅವರಲ್ಲಿ ಮೊದಲೇ ಏನಿತ್ತು ಎಂದು ತಾಳೆ ನೋಡಿದರು. ಅದು ಬಿಳಿಯರ ಊರಿನ ಲೆಕ್ಕ. ಅನಂತರ 2004ರಲ್ಲಿ ಪ್ರಕಟವಾದ 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನವು ನಮ್ಮವರನ್ನೂ ಒಳಗೊಂಡಿತ್ತು. ಅದರ ಪ್ರಕಾರ ಕಾರಣಗಳು ಎಲ್ಲ ದೇಶಗಳಲ್ಲೂ ಬಹುತೇಕ ಒಂದೇ. ಆದರೆ ಭಾರತ ಮತ್ತು ನೆರೆಯ ದೇಶಗಳ ಜನರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೇ ಬರುತ್ತದೆ, ಉಳಿದವರಿಗಿಂತ ಐದಾರು ವರ್ಷ ಮೊದಲು. ಮಗಳ ಮದುವೆ, ಮಗನ ಓದು, ಬ್ಯಾಂಕಿನ ಸಾಲ ಎಲ್ಲವೂ ತಲೆಯ ಮೇಲಿರುವ ವಯಸ್ಸು ಅದು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಪಂಚವನ್ನು 21 ಪ್ರದೇಶಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಬೇರೆ ಅಪಾಯದ ನಕ್ಷೆ ಪ್ರಕಟಿಸಿತು. 40ರಿಂದ 74 ವರ್ಷದವರಿಗೆ ಇದು ಅನ್ವಯಿಸುತ್ತದೆ. ಎರಡು ಬಗೆಯ ನಕ್ಷೆಗಳಿವೆ. ಒಂದಕ್ಕೆ ರಕ್ತಪರೀಕ್ಷೆ ಬೇಕು: ಸಕ್ಕರೆ ಕಾಯಿಲೆ ಇದೆಯೇ, ಕೊಲೆಸ್ಟರಾಲ್ ಎಷ್ಟು ಎಂದು ತಿಳಿದಿರಬೇಕು. ಇನ್ನೊಂದಕ್ಕೆ ರಕ್ತದ ಹನಿಯೂ ಬೇಡ: ಗಂಡೋ ಹೆಣ್ಣೋ, ವಯಸ್ಸೆಷ್ಟು, ಬೀಡಿ ಸಿಗರೇಟು ಸೇದುವಿರಾ, ಮೇಲಿನ ಒತ್ತಡವೆಷ್ಟು, ಎತ್ತರಕ್ಕೆ ತೂಕ ಎಷ್ಟು, ಇಷ್ಟೇ. ನಕ್ಷೆಯಲ್ಲಿ ಬೆರಳಿಟ್ಟರೆ ಒಂದು ಬಣ್ಣ ಬರುತ್ತದೆ. ಹಸಿರಾದರೆ ಹತ್ತು ವರ್ಷದಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ; ಹಳದಿ, ಕಿತ್ತಳೆ ದಾಟಿ ಕೆಂಪಿಗೆ ಬಂದರೆ ನೂರಕ್ಕೆ ಇಪ್ಪತ್ತು ಅಥವಾ ಅದಕ್ಕೂ ಮೇಲೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಲವತ್ತೆರಡು ವರ್ಷದ, ತಂಬಾಕಿನ ಅಭ್ಯಾಸವಿಲ್ಲದ ಹೆಣ್ಣುಮಗಳೊಬ್ಬಳಿಗೆ ಒತ್ತಡ 145 ಇದೆಯೆನ್ನಿ. ಅರುವತ್ತು ದಾಟಿದ, ದಿನಕ್ಕೊಂದು ಕಟ್ಟು ಬೀಡಿ ಸೇದುವ, ಸಕ್ಕರೆ ಕಾಯಿಲೆಯೂ ಇರುವ ಯಜಮಾನರಿಗೂ 145 ಇದೆಯೆನ್ನಿ. ಅಂಕಿ ಒಂದೇ, ಅಪಾಯ ಬೇರೆ. ಮಣ್ಣು ಪರೀಕ್ಷೆಯಲ್ಲಿ ಸಾರಜನಕವೊಂದನ್ನೇ ನೋಡಿ ಗೊಬ್ಬರ ಶಿಫಾರಸು ಮಾಡುವುದಿಲ್ಲವಷ್ಟೆ? ರಂಜಕ, ಪೊಟ್ಯಾಷ್, ರಸಸಾರ ಎಲ್ಲವನ್ನೂ ಕೂಡಿಸಿ ನೋಡಿಯೇ ಚೀಟಿ ಬರೆಯುತ್ತಾರೆ. ಹೃದಯದ ಮಾರ್ಗಸೂಚಿಯ ತಿರುಳೂ ಇದೇ. ಯಾವುದೋ ಒಂದು ಅಂಕಿಗೆ ಚಿಕಿತ್ಸೆ ಮಾಡುವುದಲ್ಲ, ಇಡೀ ಮನುಷ್ಯನ ಅಪಾಯಕ್ಕೆ ಚಿಕಿತ್ಸೆ ಮಾಡುವುದು. ಈಗಾಗಲೇ ಒಮ್ಮೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ ನಕ್ಷೆಯ ಅಗತ್ಯವೇ ಇಲ್ಲ. ಅವರು ಮೊದಲೇ ಕೆಂಪು ಗೆರೆಯಾಚೆ ಇರುವವರು, ಮಾತ್ರೆ ಎಂದೂ ತಪ್ಪಬಾರದು.

ಇಷ್ಟು ಸುಲಭವಾದದ್ದು ಏಕೆ ನಡೆಯುವುದಿಲ್ಲ? ಮೊದಲನೆಯದಾಗಿ ಹೊತ್ತಿಲ್ಲ. ಒಬ್ಬ ರೋಗಿಗೆ ಡಾಕ್ಟರರು ಎಷ್ಟು ಹೊತ್ತು ಕೊಡುತ್ತಾರೆಂದು 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸ್ವೀಡನ್‌ನಲ್ಲಿ ಇಪ್ಪತ್ತೆರಡು ನಿಮಿಷ, ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಸಂತೆಯ ದಿನ ಸಂಜೆ ಹೊಸೂರಿನ ಯಾವುದಾದರೂ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತು ನೋಡಿದವರಿಗೆ ನಾವು ಯಾವ ದೇಶಕ್ಕೆ ಹತ್ತಿರವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಕಾರಣದಲ್ಲಿ ನಮ್ಮ ಪಾಲೂ ಇದೆ. ಡಾಕ್ಟರು ಹತ್ತು ನಿಮಿಷ ಕೂಡಿಸಿಕೊಂಡು ಬೀಡಿ ಬಿಡಿ, ಉಪ್ಪಿನಕಾಯಿ ಕಡಿಮೆ ಮಾಡಿ, ಇಂಥ ದಿನ ಮತ್ತೆ ಬನ್ನಿ ಎಂದು ಹೇಳಿದರೆ ‘ಏನೂ ಕೊಡಲಿಲ್ಲ, ಬರೀ ಮಾತು’ ಎಂದು ಬೈದುಕೊಂಡು ಹೊರಡುತ್ತೇವೆ. ಸೂಜಿ ಚುಚ್ಚಿದರೆ ಕೇಳಿದಷ್ಟು ದುಡ್ಡು ಕೊಡುತ್ತೇವೆ. ಆರು ತಿಂಗಳಿಗೊಮ್ಮೆ ಬಾಟ್ಲಿ ಏರಿಸಿಕೊಂಡರೆ ರಕ್ತನಾಳ ತೊಳೆದುಹೋಗುತ್ತದೆಂಬ ನಂಬಿಕೆಯೂ ನಮ್ಮ ಕಡೆ ಇದೆ. ಅದರಲ್ಲಿ ಉಪ್ಪುನೀರು, ಸಕ್ಕರೆನೀರು ಬಿಟ್ಟರೆ ಬೇರೇನೂ ಇರುವುದಿಲ್ಲ. ಹೀಗಿರುವಾಗ ಮಾತಿಗೆ ಬೆಲೆಯಿಲ್ಲದ ಕಡೆ ಡಾಕ್ಟರು ಮಾತನ್ನು ಕಡಿಮೆ ಮಾಡಿದರೆ ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ.

ಮೂರನೆಯದು, ಅಳೆಯುವ ಕ್ರಮ. ಇದು ಸಣ್ಣದೆನಿಸಿದರೂ ಎಲ್ಲಕ್ಕೂ ಬುನಾದಿ. ಬಿಸಿಲಲ್ಲಿ ಸ್ಕೂಟರಿನಲ್ಲಿ ಬಂದು, ಹೋಟೆಲಿನಲ್ಲಿ ಕಾಫಿ ಕುಡಿದು, ಒಂದು ಬೀಡಿ ಎಳೆದು ಒಳಗೆ ಹೋದ ಕೂಡಲೆ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಮಾತನಾಡುತ್ತಲೇ ಅಳೆದರೆ ಬರುವ ಅಂಕಿ ನಿಜವಾದದ್ದಲ್ಲ. ಅಳೆಯುವುದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ಹೊಗೆ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಒರಗು ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು. ಎರಡು ಸಾರಿ ಅಳೆಯಬೇಕು. ಬೇರೆ ಬೇರೆ ದಿನ ಅಳೆದರೂ 140ರ ಮೇಲೆ ಅಥವಾ ಕೆಳಗಿನದು 90ರ ಮೇಲೆ ನಿಂತರೆ ಅದು ಚಿಕಿತ್ಸೆ ಬೇಕಾದ ರಕ್ತದ ಒತ್ತಡ. ಕಬ್ಬಿನ ಬ್ರಿಕ್ಸ್ ನೋಡುವಾಗ ಒಂದೇ ಗಣ್ಣಿನ ರಸ ತೆಗೆದು ಇಡೀ ಹೊಲಕ್ಕೆ ತೀರ್ಪು ಕೊಟ್ಟರೆ ನಾವು ಒಪ್ಪುತ್ತೇವೆಯೇ?

ಇನ್ನು ಮಾತ್ರೆಯ ವಿಷಯ. 2017ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಕೇಂದ್ರ ಆರೋಗ್ಯ ಇಲಾಖೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಅಧಿಕ ರಕ್ತದೊತ್ತಡದ ಹತೋಟಿಗೆ ಒಂದು ಕಾರ್ಯಕ್ರಮ ಪ್ರಾರಂಭಿಸಿದುವು. ಅದರ ಜೀವಾಳ ಒಂದೇ ಹಾಳೆಯ ಸೂಚನೆ: ಮೊದಲು ಯಾವ ಮಾತ್ರೆ, ತಿಂಗಳ ನಂತರ ಹತೋಟಿಗೆ ಬರದಿದ್ದರೆ ಎಷ್ಟು ಹೆಚ್ಚಿಸಬೇಕು, ಆಮೇಲೆ ಯಾವುದನ್ನು ಸೇರಿಸಬೇಕು. ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ಮೊದಲಾದ ಅಗ್ಗದ, ಎಲ್ಲೆಡೆ ಸಿಗುವ ಔಷಧಗಳೇ. ಮುಖ್ಯ ಸಂಗತಿ ಔಷಧದ ಹೆಸರಲ್ಲ, ಮೆಟ್ಟಿಲು ಹತ್ತುವುದು. ಮೂರು ತಿಂಗಳಿಂದ 160 ಇದ್ದರೂ ಅದೇ ಮಾತ್ರೆ ಅದೇ ಪ್ರಮಾಣದಲ್ಲಿ ಬರೆದುಕೊಡುವುದು ಎಲ್ಲ ದೇಶಗಳ ಡಾಕ್ಟರರಲ್ಲೂ ಕಂಡುಬಂದಿರುವ ದೌರ್ಬಲ್ಯ. ಆದುದರಿಂದ ‘ಡಾಕ್ಟರೇ, ನನ್ನದು ಎಷ್ಟಕ್ಕೆ ಇಳಿಯಬೇಕು? ಇಳಿಯದಿದ್ದರೆ ಮುಂದೇನು?’ ಎಂದು ನಾವೇ ಕೇಳುವುದರಲ್ಲಿ ಅಗೌರವವೇನೂ ಇಲ್ಲ.

ಸಕ್ಕರೆ ಕಾಯಿಲೆ ಇರುವ ನಲವತ್ತು ದಾಟಿದವರಿಗೂ, ನಕ್ಷೆಯಲ್ಲಿ ಕೆಂಪಿಗೆ ಬಂದವರಿಗೂ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯನ್ನು ಮಾರ್ಗಸೂಚಿ ಸೂಚಿಸುತ್ತದೆ. ಆಸ್ಪಿರಿನ್ ಕಥೆ ಬೇರೆ. ಹಿಂದೆ ‘ರಕ್ತ ತೆಳುವಾಗಲಿ’ ಎಂದು ಆರೋಗ್ಯವಂತರೂ ದಿನಕ್ಕೊಂದು ನುಂಗುತ್ತಿದ್ದರು. 2018ರಲ್ಲಿ ಹೊರಬಂದ ಮೂರು ದೊಡ್ಡ ಅಧ್ಯಯನಗಳಲ್ಲಿ, ಹಿಂದೆ ಹೃದ್ರೋಗವಾಗದವರಿಗೆ ಅದರಿಂದ ಆಗುವ ಲಾಭವನ್ನು ರಕ್ತಸ್ರಾವದ ಹಾನಿ ತಿಂದುಹಾಕುತ್ತದೆಂದು ತಿಳಿಯಿತು. ಹೃದಯಾಘಾತವಾದವರು ಅದನ್ನು ಬಿಡಕೂಡದು. ಆಗದವರು ತಾವಾಗಿಯೇ ಶುರುಮಾಡಕೂಡದು. ಪುಸ್ತಕ ಬದಲಾಗುತ್ತಿರುತ್ತದೆ, ಓದುವ ಡಾಕ್ಟರು ಬೇಕು ಎಂಬುದಕ್ಕೆ ಇದು ಸಾಕ್ಷಿ.

ಎಲ್ಲಕ್ಕಿಂತ ದೊಡ್ಡ ತೂತು ನಮ್ಮ ಕಡೆಯದು. ಮಾತ್ರೆ ನುಂಗುತ್ತೇವೆ, ಅಂಕಿ 130ಕ್ಕೆ ಇಳಿಯುತ್ತದೆ, ‘ವಾಸಿಯಾಯಿತು’ ಎಂದು ನಿಲ್ಲಿಸುತ್ತೇವೆ. ಕೆಂಪು ಕೊಳೆ ರೋಗ ಬಂದ ಕಬ್ಬು ಮೊದಲಲ್ಲಿ ಹೊರಗೆ ಹಸಿರಾಗಿಯೇ ಇರುತ್ತದೆ, ಸೀಳಿ ನೋಡಿದರೆ ಮಾತ್ರ ಒಳಗೆ ಕೆಂಪು. ರಕ್ತದ ಒತ್ತಡವೂ ಹಾಗೆಯೇ, ತಲೆನೋವು ತಲೆಸುತ್ತು ಏನೂ ಇಲ್ಲದೆ ಒಳಗೊಳಗೇ ನಾಳವನ್ನು ಕೆಡಿಸುತ್ತದೆ. ಅಂಕಿ ಇಳಿದದ್ದು ಮಾತ್ರೆಯಿಂದ. ಮಾತ್ರೆ ನಿಂತರೆ ಅಂಕಿ ಏರುತ್ತದೆ. ಕಟಾವಿನ ಕಾಲದಲ್ಲಿ ಪರ್ಮಿಟ್ಟು, ಆಳು, ಲಾರಿ ಎಂದು ಓಡಾಡುವಾಗ ತಿಂಗಳೆರಡು ತಿಂಗಳು ಮಾತ್ರೆ ತಪ್ಪುವುದು ನಮ್ಮವರಲ್ಲಿ ತುಂಬಾ ಸಾಮಾನ್ಯ. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ, ಸ್ಟಾಟಿನ್‌ನಿಂದ ಕೆಲವರಿಗೆ ಮಾಂಸಖಂಡ ನೋಯುತ್ತದೆ. ಹಾಗಾದಾಗ ನಿಲ್ಲಿಸಿ ಮನೆಯಲ್ಲಿ ಕೂರದೆ ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆ ಕೊಡಬಲ್ಲರು.

ಇನ್ನೊಂದು ಅಪಾಯ ಮೆಡಿಕಲ್ ಷಾಪಿನಲ್ಲಿದೆ. ಸೊಂಟನೋವು, ಮಂಡಿನೋವಿಗೆ ಚೀಟಿಯಿಲ್ಲದೆ ತೆಗೆದುಕೊಳ್ಳುವ ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಒತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೂ ಕೆಟ್ಟದ್ದು. ಒಂದು ಕೈಯಲ್ಲಿ ಇಳಿಸುವ ಮಾತ್ರೆ, ಇನ್ನೊಂದು ಕೈಯಲ್ಲಿ ಏರಿಸುವ ಮಾತ್ರೆ ನುಂಗುವವರು ಎಷ್ಟೋ ಮಂದಿ. ನೋವಿನ ಮಾತ್ರೆ ತಿನ್ನುತ್ತಿದ್ದರೆ ಡಾಕ್ಟರಿಗೆ ಮರೆಮಾಡದೆ ಹೇಳಬೇಕು. ಹಾಗೆಯೇ, ‘ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ಮಾತ್ರ’ ಎನ್ನುವವರಿಗೆ ಕಬ್ಬು ಬೆಳೆಯುವ ನಾವೇ ನಿಜ ಹೇಳಬೇಕು: ಎರಡೂ ಒಂದೇ ರಸದಿಂದ ಬಂದವು, ಸಕ್ಕರೆ ಕಾಯಿಲೆಗೆ ಬೆಲ್ಲ ಬೇರೆಯಲ್ಲ. ಉಪ್ಪು ದಿನಕ್ಕೆ ಐದು ಗ್ರಾಂ, ಅಂದರೆ ಉಪ್ಪಿನಕಾಯಿ ಹಪ್ಪಳದ್ದೂ ಸೇರಿ ಒಂದು ಸಣ್ಣ ಚಮಚ. ಬೀಡಿ ಬಿಟ್ಟವರಿಗೆ ಒಂದು ವರ್ಷದಲ್ಲೇ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಲಾಭ ಕೊಡುವ ಮಾತ್ರೆ ಯಾವ ಅಂಗಡಿಯಲ್ಲೂ ಇಲ್ಲ.

ಮಾರ್ಗಸೂಚಿಯನ್ನು ಆಚರಣೆಗೆ ತರುವುದಕ್ಕೆ ದೊಡ್ಡ ಯಂತ್ರ ಬೇಕೆ? ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಕೇಂದ್ರಗಳಲ್ಲಿ ದಾದಿಯರ ಕೈಗೆ ಲೆಕ್ಕ ಹಾಕಿ ಸಲಹೆ ಕೊಡುವ ಟ್ಯಾಬ್ಲೆಟ್ ಯಂತ್ರ. ಉಳಿದವುಗಳಲ್ಲಿ ತರಬೇತಿ ಮತ್ತು ಗೋಡೆಗೆ ಹಚ್ಚುವ ನಕ್ಷೆ. ಎರಡೂ ಕಡೆ ಒತ್ತಡ ಚೆನ್ನಾಗಿಯೇ ಇಳಿಯಿತು, ಯಂತ್ರವಿದ್ದಲ್ಲಿ ಗಮನಾರ್ಹವಾಗಿ ಹೆಚ್ಚೇನೂ ಇಳಿಯಲಿಲ್ಲ. ನನಗೆ ತೋರುವಂತೆ, ಗೋಡೆಯ ನಕ್ಷೆಯೂ ಹೆಸರಿಟ್ಟು ಕರೆಯುವ ದಾದಿಯೂ ಇದ್ದರೆ ಮುಕ್ಕಾಲು ಕೆಲಸ ಆದಂತೆಯೇ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಮ್ಮೆಯಿದೆ. ಜನರ ಮನೆಬಾಗಿಲಿಗೆ ಚಿಕಿತ್ಸೆ ಒಯ್ಯುವ ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಉದ್ಘಾಟನೆಯಾದದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಮಹಿಳಾ ಸ್ವಯಂಸೇವಕಿಯರು ಮನೆಗೆ ಬಂದು ಒತ್ತಡ, ಸಕ್ಕರೆ ನೋಡಿ, ಕಾಯಿಲೆ ಇರುವವರಿಗೆ ಮಾತ್ರೆ ತಲುಪಿಸುತ್ತಾರೆ. 2024ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂದಿತು. ಅದೇ ವರ್ಷ ನೆರೆಯ ಕೋಲಾರ ಜಿಲ್ಲೆಯಲ್ಲಿ ಕರ್ನಾಟಕ ಸರ್ಕಾರವೂ ‘ಗೃಹ ಆರೋಗ್ಯ’ವೆಂಬ ಇಂಥದೇ ಯೋಜನೆ ಪ್ರಾರಂಭಿಸಿತು. ಬಾಗಿಲಿಗೆ ಬಂದ ಹೆಣ್ಣುಮಗಳಿಗೆ ‘ನಮಗೇನೂ ಇಲ್ಲ ಹೋಗಮ್ಮ’ ಎನ್ನುವ ಗಂಡಸರು ಒಮ್ಮೆ ತೋಳು ಚಾಚಿದರೆ ಸಾಕು.

ಇಷ್ಟರ ಮೇಲೂ ಎದೆನೋವು ಬಂದರೆ? ಎದೆಯ ನಡುವೆ ಹಿಂಡಿದಂತೆ ನೋವು, ಎಡತೋಳಿಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು, ಉಸಿರು ಸಿಕ್ಕುವುದು ಇವು ಲಕ್ಷಣ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಓಕರಿಕೆ ಇರಬಹುದು. ‘ಗ್ಯಾಸು’ ಎಂದು ಸೋಡಾ ಕುಡಿದು ಬೆಳಗಾಗಲಿ ಎಂದು ಮಲಗುವುದೇ ಮಾರಕ. ದೇಶದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅರ್ಧದಷ್ಟು ಜನ ಆಸ್ಪತ್ರೆ ಮುಟ್ಟಲು ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಹಿಡಿದಿತ್ತು. ಕೂಡಲೆ 108ಕ್ಕೆ ಕರೆ ಮಾಡಬೇಕು, ತಾನೇ ಬೈಕು ಓಡಿಸಿಕೊಂಡು ಹೋಗಬಾರದು. ತಮಿಳುನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 2023ರಲ್ಲಿ ಪ್ರಾರಂಭವಾದ ‘ಇದಯಂ ಕಾಪ್ಪೋಂ’ ಯೋಜನೆಯಡಿ ಹೆಪ್ಪು ಬೆಳೆಯದಂತೆ ತಡೆಯುವ ಮಾತ್ರೆಗಳ ಮೊದಲ ಪ್ರಮಾಣವನ್ನು, ಒಟ್ಟು 14 ಮಾತ್ರೆ, ಅಲ್ಲಿಯೇ ಕೊಟ್ಟು ಮುಂದೆ ಕಳಿಸುತ್ತಾರೆ. ಕರ್ನಾಟಕದಲ್ಲಿ ಅದೇ ವರ್ಷ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಬೇಕಾದವರಿಗೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತಾರೆ.

ಕೊನೆಯದಾಗಿ ಗಡಿಯವರಿಗಷ್ಟೇ ಇರುವ ತೊಡಕೊಂದನ್ನು ಹೇಳಬೇಕು. ನಾವು ಒಂದು ತಿಂಗಳು ಹೊಸೂರಿನಲ್ಲಿ ತೋರಿಸುತ್ತೇವೆ, ಮಗಳ ಮನೆಗೆ ಹೋದಾಗ ಆನೇಕಲ್ಲಿನಲ್ಲಿ ತೋರಿಸುತ್ತೇವೆ. ಅಲ್ಲಿ ಒಂದು ಕಂಪೆನಿಯ ಹೆಸರು, ಇಲ್ಲಿ ಇನ್ನೊಂದು ಕಂಪೆನಿಯ ಹೆಸರು. ಔಷಧ ಒಂದೇ ಎಂದು ತಿಳಿಯದೆ ಎರಡನ್ನೂ ನುಂಗಿ ತಲೆಸುತ್ತಿ ಬಿದ್ದವರಿದ್ದಾರೆ. ಹಿಂದಿನ ಅಂಕಿ ಎಷ್ಟಿತ್ತೆಂದು ಹೊಸ ಡಾಕ್ಟರಿಗೆ ಗೊತ್ತಿಲ್ಲದಾಗ ಅವರು ಮತ್ತೆ ಮೊದಲ ಮೆಟ್ಟಿಲಿನಿಂದಲೇ ಶುರುಮಾಡುತ್ತಾರೆ. ಇದಕ್ಕೆ ಉಪಾಯ ಒಂದು ಸಣ್ಣ ನೋಟ್‌ಬುಕ್ಕು. ತಾರೀಖು, ಒತ್ತಡ, ಸಕ್ಕರೆ, ತೂಕ, ಈಗ ನುಂಗುತ್ತಿರುವ ಮಾತ್ರೆ ಇಷ್ಟನ್ನು ಅದರಲ್ಲಿ ಬರೆಯಿಸಿಕೊಳ್ಳಿ. ಕಂಪೆನಿಯ ಹೆಸರಲ್ಲ, ಔಷಧದ ಹೆಸರನ್ನೇ ಬರೆಯಲು ಕೇಳಿ. ಕಬ್ಬಿನ ಬಿಲ್ಲಿನ ಪಾಸ್‌ಬುಕ್ಕು ಇಡುವ ಚೀಲದಲ್ಲೇ ಅದನ್ನೂ ಇಡಿ, ಖಾಲಿಯಾದ ಮಾತ್ರೆಯ ಹಾಳೆಯನ್ನೂ ಎಸೆಯದೆ ಜೊತೆಗಿಡಿ, ಗಡಿಯ ಯಾವ ಕಡೆಯ ಡಾಕ್ಟರ ಬಳಿ ಹೋದರೂ ಮೊದಲು ಅದನ್ನು ಮೇಜಿನ ಮೇಲೆ ಇಟ್ಟು ಆಮೇಲೆ ಮಾತು ಪ್ರಾರಂಭಿಸಿ.